ಕೆನ್ನೆಯ ಕೊಬ್ಬು ತೆಗೆಸುವ ಮುನ್ನ

"ಮೇಡಂ, ನನ್ನ ಗಲ್ಲ ಭಾಳ ದಪ್ಪ ಅದಾವ್ರಿ. ಒಳಗಿನ ಕೊಬ್ಬು ತಗದ್ ಬಿಡ್ರಿ."

ಮೈಸೂರು ಕಡೆ ಬೆಳೆದ ನನಗೆ ಗಲ್ಲ ಎಂದರೆ ತುಟಿಯ ಕೆಳಗಿನ ಭಾಗ. ಹುಬ್ಬಳ್ಳಿಗೆ ಬಂದ ಮೇಲೆ ಅದು ಕೆನ್ನೆಯಾಯಿತು. ಪ್ಲಾಸ್ಟಿಕ್ ಸರ್ಜನ್ ಆದವಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹಾಗಾಗಿ ಯಾರೇ ಬರಲಿ, ಮೊದಲು ಕೈಗೆ ಕನ್ನಡಿ ಕೊಟ್ಟು, ಎಲ್ಲಿ ಬೇಡ ಅನ್ನಿಸುತ್ತದೋ ಅಲ್ಲಿ ಬೆರಳಿಡಲು ಹೇಳುತ್ತೇನೆ. ಆ ಬೆರಳು ನಿಂತ ಜಾಗವೇ ಅರ್ಧ ಉತ್ತರ.

ಈ ಹುಡುಗಿಗೆ ಇಪ್ಪತ್ತೊಂದು ವರ್ಷ. ಬೆರಳು ನಿಂತದ್ದು ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ. "ಹಲ್ಲು ಗಟ್ಟಿಯಾಗಿ ಕಚ್ಚಮ್ಮ" ಎಂದೆ. ಬೆರಳಿನಡಿ ಕಲ್ಲಿನಂಥ ಗಂಟು ಎದ್ದಿತು. ಅದು ಕೊಬ್ಬಲ್ಲ, ಅಗಿಯುವ ಸ್ನಾಯು. ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ಅದು ದಪ್ಪವಾಗುತ್ತದೆ. ಕೊಬ್ಬು ತೆಗೆದಿದ್ದರೆ ಆ ಅಗಲ ಹಾಗೇ ಉಳಿದು, ಮುಂದಿನ ಕೆನ್ನೆ ಮಾತ್ರ ಗುಳಿ ಬೀಳುತ್ತಿತ್ತು. ಅವಳಿಗೆ ಬೇಕಿದ್ದದ್ದು ರಾತ್ರಿ ಹಲ್ಲಿಗೆ ಹಾಕುವ ಕವಚ. ಅಷ್ಟಕ್ಕೆ ಸಮಾಧಾನವಾಗದಿದ್ದರೆ ಸ್ನಾಯುವನ್ನು ಕೆಲವು ತಿಂಗಳು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು.

ಕೆನ್ನೆ ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದು ಹಲವು ಪದರಗಳನ್ನು. ತಳದಲ್ಲಿ ಕೆನ್ನೆಲುಬು ಮತ್ತು ಹಲ್ಲಿನ ಸಾಲು, ಅದರ ಮೇಲೆ ಸ್ನಾಯು, ನಡುನಡುವೆ ಕೊಬ್ಬಿನ ಚೀಲಗಳು, ಮೇಲೆ ಚರ್ಮ. ಈ ಕೊಬ್ಬು ಒಂದೇ ಹಾಸಿಗೆಯಂತೆ ಹರಡಿಕೊಂಡಿಲ್ಲ, ಬೇರೆ ಬೇರೆ ಕೋಣೆಗಳಾಗಿ ಕೂತಿದೆ ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರಾದ ರೋರಿಕ್ ಮತ್ತು ಪೆಸ್ಸಾ 2007ರಲ್ಲಿ ಶವಗಳ ಮುಖಕ್ಕೆ ಬಣ್ಣ ಚುಚ್ಚಿ ತೋರಿಸಿದರು. ವಯಸ್ಸಾದಂತೆ ಒಂದು ಕೋಣೆ ಬರಿದಾಗುತ್ತದೆ, ಇನ್ನೊಂದು ಜೋಲುತ್ತದೆ. "ಮುಖ ಇಳಿದುಹೋಗಿದೆ" ಎನ್ನುತ್ತೇವಲ್ಲ, ಬಹಳ ಸಲ ಅದು ಬರಿ ಇಳಿದದ್ದಲ್ಲ, ಒಳಗೆ ಬರಿದಾದದ್ದು ಕೂಡ.

ತೆಗೆಸಬೇಕೆಂದು ಈಗ ಎಲ್ಲರೂ ಕೇಳುವುದು ಇವುಗಳಲ್ಲಿ ತೀರಾ ಆಳದ ಚೀಲವನ್ನು. ಫ್ರೆಂಚ್ ಅಂಗರಚನಾ ತಜ್ಞ ಬಿಶಾ ಇದನ್ನು ಕೊಬ್ಬೆಂದು ಗುರುತಿಸಿದ್ದು 19ನೇ ಶತಮಾನದ ಆರಂಭದಲ್ಲಿ; ಅದಕ್ಕೂ ಮೊದಲು ಜರ್ಮನಿಯ ಸರ್ಜನ್ ಹೈಸ್ಟರ್ ಇದನ್ನು ಗ್ರಂಥಿ ಎಂದುಕೊಂಡಿದ್ದ. ಒಂದೊಂದು ಕಡೆ ಸುಮಾರು 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚ. ಕೂಸು ಹಾಲು ಚೀಪುವಾಗ ಕೆನ್ನೆ ಒಳಗೆ ಎಳೆದುಕೊಳ್ಳದಂತೆ ತಡೆಯುವುದು ಇದೇ. ದೊಡ್ಡವರಲ್ಲಿ ಸ್ನಾಯುಗಳು ಒಂದರ ಮೇಲೊಂದು ಜಾರಲು ಇದು ಮೆತ್ತೆಯಂತೆ ಕೆಲಸ ಮಾಡುತ್ತದೆ. ಮೈ ತೂಕ ಏರಿಳಿದರೂ ಇದು ಹೆಚ್ಚು ಬದಲಾಗುವುದಿಲ್ಲ.

ತೆಗೆಯುವುದು ಕಷ್ಟವೇನಲ್ಲ. ಬಾಯಿಯ ಒಳಗೆ, ಮೇಲಿನ ದವಡೆ ಹಲ್ಲಿನ ಹತ್ತಿರ ಸಣ್ಣದೊಂದು ಕೊಯ್ತ, ಅರ್ಧ ಗಂಟೆ, ಹೊರಗೆ ಕಲೆಯಿಲ್ಲ. ಆದರೆ ಜೊಲ್ಲಿನ ನಾಳವೂ ತುಟಿಯನ್ನು ಆಡಿಸುವ ನರದ ಕವಲುಗಳೂ ಅದರ ಪಕ್ಕದಲ್ಲೇ ಹಾಯುತ್ತವೆ. ನನ್ನ ಭಯ ಅದಕ್ಕಿಂತ ಹೆಚ್ಚಾಗಿ ಹತ್ತು ವರ್ಷದ ನಂತರದ್ದು. ವೃತ್ತಿಯ ಮೊದಲ ವರ್ಷಗಳಲ್ಲಿ ಇಪ್ಪತ್ತಮೂರರ ಒಬ್ಬಾಕೆಗೆ ನಾನೇ ಇದನ್ನು ಮಾಡಿದೆ. ಒಂದೊಂದು ಕಡೆ ತೆಗೆದದ್ದು ಅರ್ಧ ಚಮಚ. ಆಕೆಗೆ ಸಂತೋಷವಾಯಿತು, ನನಗೂ. ಎರಡು ಹೆರಿಗೆಯಾಗಿ ಮೂವತ್ತೈದರ ಹತ್ತಿರ ಮತ್ತೆ ಬಂದಾಗ ಕೆನ್ನೆಲುಬಿನ ಕೆಳಗೆ ನೆರಳು ಬಿದ್ದಿತ್ತು. "ಕಾಯಿಲೆಯೇನಾದರೂ ಇದೆಯಾ ಅಂತ ಎಲ್ಲರೂ ಕೇಳ್ತಾರೆ ಮೇಡಂ" ಎಂದಳು. ತೆಗೆದ ಕೊಬ್ಬು ಮರಳಿ ಬೆಳೆಯುವುದಿಲ್ಲ. ಹೊಟ್ಟೆಯ ಕೊಬ್ಬು ತಂದು ತುಂಬಿದೆ, ಮೊದಲಿನಂತಾಗಲಿಲ್ಲ. ಅಂದಿನಿಂದ ಇಪ್ಪತ್ತೈದು ದಾಟದವರಿಗೆ, ಮುಖ ಮೊದಲೇ ಸಣ್ಣಗಿರುವವರಿಗೆ ನಾನು ಇದನ್ನು ಮಾಡುವುದಿಲ್ಲ.

ತುಂಬಿಸುವ ಮಾತಿಗೆ ಬಂದರೆ ಮೊದಲು ನೆನಪಾಗುವುದು ಫಿಲ್ಲರ್, ಅಂದರೆ ಸೂಜಿಯಿಂದ ಚುಚ್ಚಿ ತುಂಬುವ ವಸ್ತು. ಹೆಚ್ಚಾಗಿ ಬಳಸುವುದು ಹೈಯಲುರಾನಿಕ್ ಆಮ್ಲದ ಜೆಲ್. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು 1934ರಲ್ಲಿ ಹಸುವಿನ ಕಣ್ಣಿನಿಂದ ಬೇರ್ಪಡಿಸಿದರು. ಇಂದು ಬ್ಯಾಕ್ಟೀರಿಯಾಗಳನ್ನು ಬೆಳೆಸಿ ತಯಾರಿಸುತ್ತಾರೆ. ಕೆನ್ನೆ ತುಂಬಿಸಲೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೊಲ್ಯೂಮಾ ಎಂಬ ಜೆಲ್ಲಿಗೆ ಅನುಮತಿ ಕೊಟ್ಟದ್ದು 2013ರಲ್ಲಿ. ಒಂದು ಸಿರಿಂಜ್ ಎಂದರೆ 1 ಮಿಲಿಲೀಟರ್, ಟೀ ಚಮಚದ ಐದನೇ ಒಂದು ಪಾಲು. ಇಷ್ಟರಿಂದ ಮುಖವೇ ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲಿ ಹಾಕಬೇಕೆಂಬುದಕ್ಕೆ ನಾನು ಪಾಲಿಸುವ ಲೆಕ್ಕವನ್ನು ನೀವೂ ಕನ್ನಡಿಯೆದುರು ನೋಡಬಹುದು. ಕಣ್ಣಿನ ಹೊರತುದಿಯಿಂದ ಬಾಯಿಯ ತುದಿಗೆ ಒಂದು ಗೆರೆ, ಮೂಗಿನ ಹೊಳ್ಳೆಯಿಂದ ಕಿವಿರಂಧ್ರದ ಮುಂದಿನ ಗುಬುಟಿಗೆ ಇನ್ನೊಂದು. ಅವು ಕೂಡುವಲ್ಲಿ ಮೇಲೆ-ಹೊರಗೆ ಉಳಿಯುವ ಕಾಲುಭಾಗದಲ್ಲಿ ಕೆನ್ನೆಯ ಎತ್ತರ ಇರಬೇಕು. ಸ್ಪೇನಿನ ಸರ್ಜನ್ ಹಿಂಡರರ್ ಕೊಟ್ಟ ಗೆರೆಗಳಿವು. ಮೂಗಿನ ಪಕ್ಕಕ್ಕೇ ಸುರಿದರೆ ನಕ್ಕಾಗ ಕಣ್ಣು ಚಿಕ್ಕದಾಗಿ ಮುಖ ಊದಿದಂತೆ ಕಾಣುತ್ತದೆ.

ಈ ಜೆಲ್ಲಿನ ದೊಡ್ಡ ಗುಣ, ಬೇಡವೆಂದರೆ ಕರಗಿಸಬಹುದು. ಹೈಯಲುರಾನಿಡೇಸ್ ಎಂಬ ಚುಚ್ಚುಮದ್ದು ಅದಕ್ಕೆಂದೇ ಇದೆ. ದೊಡ್ಡ ಅಪಾಯ, ಅದು ರಕ್ತನಾಳದೊಳಗೆ ಹೋಗಿಬಿಡುವುದು. ಚುಚ್ಚಿದಾಗ ಚರ್ಮ ಬೆಳ್ಳಗಾಗಿ, ಬಳಿಕ ಬಲೆಯಂತೆ ನೇರಳೆ ಗೆರೆ ಮೂಡಿ, ಹೆಚ್ಚುವ ನೋವು ಬಂದರೆ ಬೆಳಗಿನವರೆಗೆ ಕಾಯಬಾರದು. ಅಪರೂಪಕ್ಕೆ ಜೆಲ್ ಕಣ್ಣಿನ ನಾಳವನ್ನು ಮುಚ್ಚುತ್ತದೆ. ರಕ್ತವಿಲ್ಲದೆ ಅಕ್ಷಿಪಟ ತಾಳುವುದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಆದ್ದರಿಂದ ಚುಚ್ಚಿಸಿಕೊಳ್ಳುವ ಮೊದಲು ಕೇಳಿ: ಕರಗಿಸುವ ಔಷಧ ಈ ಕೋಣೆಯಲ್ಲೇ ಇದೆಯೇ? ಪೆಟ್ಟಿಗೆಯನ್ನು ನಿಮ್ಮೆದುರೇ ಒಡೆಯಲಿ, ಬ್ಯಾಚ್ ಸಂಖ್ಯೆಯ ಚೀಟಿ ನಿಮ್ಮ ಫೈಲಿಗೆ ಅಂಟಲಿ. ಚರ್ಮವೈದ್ಯರೋ ಪ್ಲಾಸ್ಟಿಕ್ ಸರ್ಜನ್ನರೋ ಅಲ್ಲದೆ ಬ್ಯೂಟಿ ಪಾರ್ಲರಿನಲ್ಲಿ ಇದನ್ನು ಮಾಡಿಸಿಕೊಳ್ಳಬೇಡಿ. ದ್ರವ ಸಿಲಿಕೋನ್ ಚುಚ್ಚುತ್ತೇವೆ ಎಂದರೆ ಎದ್ದು ಬನ್ನಿ. ಅದನ್ನು ಕರಗಿಸುವ ಔಷಧವಿಲ್ಲ.

ಮದುವೆಗೆ ಮುನ್ನ ಬರುವವರು ಬಹಳ. ಮುಂದಿನ ವಾರ ಅರಿಶಿನ ಶಾಸ್ತ್ರ, ಈ ವಾರ ಫಿಲ್ಲರ್ ಎಂದರೆ ನಾನು ಒಪ್ಪುವುದಿಲ್ಲ. ಬಾವು, ನೀಲಿ ಕಲೆ ಇಳಿಯಬೇಕು. ಹೊಸ ಫಿಲ್ಲರಿನ ಮೇಲೆ ಅರಿಶಿನ ತಿಕ್ಕುವುದೂ ಸರಿಯಲ್ಲ. ಒಂದು ತಿಂಗಳಾದರೂ ಮುಂಚೆ ಬರಲಿ.

ನಮ್ಮದೇ ಕೊಬ್ಬನ್ನು ಹೊಟ್ಟೆಯಿಂದಲೋ ತೊಡೆಯಿಂದಲೋ ತೆಗೆದು ಕೆನ್ನೆಗೆ ಕೂರಿಸುವುದು ಹಳೆಯ ವಿದ್ಯೆ. ಜರ್ಮನಿಯ ನೋಯ್ಬರ್ 1893ರಲ್ಲೇ ತೋಳಿನ ಕೊಬ್ಬನ್ನು ಮುಖಕ್ಕೆ ಇಟ್ಟಿದ್ದ. ಕೂರಿಸಿದ್ದೆಲ್ಲ ಬದುಕುವುದಿಲ್ಲ, ಒಂದು ಪಾಲು ದೇಹಕ್ಕೆ ಕರಗಿಹೋಗುತ್ತದೆ. ಎರಡನೆಯ ಸಲ ತುಂಬಬೇಕಾಗಬಹುದು. ಬದುಕಿದ್ದು ಹೊಟ್ಟೆಯ ಸ್ವಭಾವ ಬಿಡುವುದಿಲ್ಲ: ತೂಕ ಏರಿದರೆ ಕೆನ್ನೆಯಲ್ಲೂ ಏರುತ್ತದೆ. ಹುಟ್ಟಿನಿಂದಲೇ ಕೆನ್ನೆಲುಬು ಚಪ್ಪಟೆಯಾಗಿದ್ದವರಿಗೆ ಒಳಗೆ ಕೂರಿಸುವ ಗಟ್ಟಿ ಸಿಲಿಕೋನ್ ಅಚ್ಚು, ಅಂದರೆ ಇಂಪ್ಲಾಂಟ್ ಉಂಟು. ಸೋಂಕು, ಜರುಗುವಿಕೆ, ಮೇಲ್ತುಟಿಯ ಜೋಮು ಅದರ ತೊಂದರೆಗಳು. ಜೋತ ಕೆನ್ನೆಯನ್ನು ಚರ್ಮದಡಿ ದಾರ ಹಾಕಿ ಎತ್ತುವುದರ ಫಲ ಅಲ್ಪಕಾಲದ್ದು, ನಾನು ಮಾಡುವುದಿಲ್ಲ.

ಕೆನ್ನೆ ಒಳಗೆ ಹೋಗಿದೆ ಎಂದು ಬಂದವರಿಗೆಲ್ಲ ತುಂಬಿಸುವುದೇ ಚಿಕಿತ್ಸೆಯಲ್ಲ. ಹಿಂದಿನ ಹಲ್ಲುಗಳೆಲ್ಲ ಬಿದ್ದಿದ್ದರೆ ದಂತವೈದ್ಯರು ಹಲ್ಲಿನ ಸೆಟ್ಟು ಕೊಟ್ಟಾಗಲೇ ಕೆನ್ನೆ ಎಷ್ಟೋ ಮರಳುತ್ತದೆ. ಬೇಗ ಬೇಗ ತೂಕ ಇಳಿದಿದ್ದರೆ ಮೊದಲು ಸಕ್ಕರೆ ಕಾಯಿಲೆ, ಕ್ಷಯ ನೋಡಬೇಕು. 2025ರಲ್ಲಿ ತೂಕ ಇಳಿಸುವ ಮೌಂಜಾರೊ ನಮ್ಮ ದೇಶಕ್ಕೆ ಬಂದ ಮೇಲೆ ಆ ಚುಚ್ಚುಮದ್ದಿನಿಂದ ಸೊರಗಿದ ಮುಖಗಳೂ ಬರುತ್ತಿವೆ. ತೂಕ ಒಂದು ಕಡೆ ನಿಲ್ಲುವವರೆಗೆ ಕಾಯಲು ಹೇಳುತ್ತೇನೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆಯ ಕೆನ್ನೆ. ಇಪ್ಪತ್ತಾರರ ಹುಡುಗ, ಲಾರಿ ಓಡಿಸುವವನು. "ಹೆಣ್ಣು ನೋಡಾಕ ಹೋಗಬೇಕ್ರಿ, ಗಲ್ಲ ಒಳಗ ಹೋಗ್ಯಾವು." "ಬಾಯಿ ತಗಿ ತಮ್ಮಾ" ಎಂದೆ. ಮೂರು ಬೆರಳು ಹಿಡಿಯಬೇಕಾದ ಬಾಯಿಯಲ್ಲಿ ಒಂದೂವರೆ ಬೆರಳು. ಒಳಗೆ ಕೆನ್ನೆ ಬಿಳಿಚಿ, ಚರ್ಮದ ಪಟ್ಟಿಯಂತೆ ಬಿಗಿದಿತ್ತು. ಖಾರ ತಿಂದರೆ ಉರಿ. ಎಂಟು ವರ್ಷದಿಂದ ಗುಟ್ಕಾ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ; ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಅದು ನಡೆದೇ ಇದೆ. ಅಡಿಕೆಯ ರಸ ಕೆನ್ನೆಯೊಳಗಿನ ಅಂಗಾಂಶವನ್ನೇ ನಾರಾಗಿಸುತ್ತದೆ; ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ. ಇಂಥ ಕೆನ್ನೆಗೆ ಫಿಲ್ಲರ್ ಹಾಕಿದರೆ ರೋಗ ಮುಚ್ಚಿಟ್ಟಂತೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಬಾಯಿ-ದವಡೆಯ ಸರ್ಜನ್ ಜೊತೆ ಸೇರಿ ಆ ಬಿಗಿದ ಪಟ್ಟಿಗಳನ್ನು ಕೊಯ್ದೆವು. ಬಾಯಿ ತೆರೆಯಿತು, ಆದರೆ ಎರಡೂ ಕಡೆ ಹಸಿ ಗಾಯ ಉಳಿಯಿತು. ಮುಚ್ಚದೆ ಬಿಟ್ಟರೆ ಮತ್ತೆ ಬಿಗಿಯುತ್ತದೆ. ಮುಚ್ಚಿದ್ದು ಅವನದೇ ಕೆನ್ನೆಯ ಆಳದ ಕೊಬ್ಬಿನಿಂದ. ಮೊದಲು ಹೇಳಿದ ಹುಡುಗಿ ತೆಗೆದುಬಿಡಿ ಎಂದದ್ದು ಇದೇ ಚೀಲವನ್ನು. ಅದನ್ನು ರಕ್ತ ಬರುವ ಬೇರು ಕಡಿಯದಂತೆ ಮೆಲ್ಲಗೆ ಎಳೆದು ಗಾಯದ ಮೇಲೆ ಹೊದಿಸಿ ಹೊಲಿದೆವು. ಮೊದಲ ವಾರ ಹಳದಿಯಾಗಿ ಕಾಣುವ ಆ ಕೊಬ್ಬಿನ ಮೇಲೆ ಒಂದು, ಒಂದೂವರೆ ತಿಂಗಳಲ್ಲಿ ಬಾಯಿಯ ಒಳಚರ್ಮ ಬೆಳೆಯಿತು. ಅವನು ಈಗಲೂ ದಿನಕ್ಕೆ ನಾಲ್ಕು ಸಲ ಮರದ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಟ್ಟು ಬಾಯಿ ತೆರೆಯುವ ವ್ಯಾಯಾಮ ಮಾಡಬೇಕು. ಕಳೆದ ಸಲ ಬಂದಾಗ ತನ್ನ ಮೂರು ಬೆರಳನ್ನು ತಾನೇ ಬಾಯಿಗಿಟ್ಟು ತೋರಿಸಿದ.