ಅಂಗಳ ಆಮೇಲೆ, ಮೊದಲು ಮಾಡು

"ಬಾವಾ ಸ್ಟೈಲ್‌ನಲ್ಲಿ ಒಂದು ಮನೆ ಬೇಕು ಸರ್." ಕರಾವಳಿಯಲ್ಲಿ ಕೆಲಸ ಮಾಡುವ ನನ್ನಂಥ ಆರ್ಕಿಟೆಕ್ಟ್‌ಗಳಿಗೆ ಈ ಮಾತು ಈಗ ಮಾಮೂಲು. ಫೋನಿನಲ್ಲಿ ಫೋಟೊ ತೋರಿಸುತ್ತಾರೆ. ಬಿಳಿ ಗೋಡೆ, ತೆರೆದ ಅಂಗಳ, ಮಧ್ಯೆ ಒಂದು ದೇವಕಣಗಿಲೆ ಮರ. ನಾನು ಕೇಳುವುದು ಒಂದೇ: ಮಾಡಿಗೆ, ಅಂದರೆ ಚಾವಣಿಗೆ, ಎಷ್ಟು ದುಡ್ಡು ಇಟ್ಟಿದ್ದೀರಿ?

ಈ ಬಾವಾ ಅಂದರೆ ಶ್ರೀಲಂಕಾದ ಆರ್ಕಿಟೆಕ್ಟ್ ಜೆಫ್ರಿ ಬಾವಾ. 1919ರಲ್ಲಿ ಕೊಲಂಬೊದಲ್ಲಿ ಹುಟ್ಟಿದವರು. ಓದಿದ್ದು ವಕೀಲಿಕೆ, ಅದು ಹಿಡಿಸಲಿಲ್ಲ. 1948ರಲ್ಲಿ ಬೆಂತೋಟದ ಹತ್ತಿರ ಹಳೆಯ ತೋಟವೊಂದನ್ನು ಕೊಂಡರು. ಅದೇ ಲುನುಗಂಗ. ತೋಟ ತಿದ್ದಲು ಹೊರಟ ಮೇಲೆ, ಕಟ್ಟುವ ವಿದ್ಯೆ ಕಲಿಯದೆ ಆಗುವುದಿಲ್ಲ ಅನ್ನಿಸಿತು. ಲಂಡನ್ನಿನಲ್ಲಿ ಓದು ಮುಗಿಸಿ 1957ರಲ್ಲಿ ಆರ್ಕಿಟೆಕ್ಟ್ ಆದಾಗ ವಯಸ್ಸು 38. ನಮ್ಮಲ್ಲಿ ಆ ವಯಸ್ಸಿಗೆ ಮನೆಯವರು ಬಿಡ್ತಾರಾ?

ಶುರುವಿನ ಕಟ್ಟಡಗಳಲ್ಲಿ ಆಗ ಎಲ್ಲೆಡೆ ಓಡುತ್ತಿದ್ದ ಬಿಳಿ, ಚೌಕಾಕಾರದ ಮಾಡರ್ನ್ ಮಾದರಿಯೇ ಜಾಸ್ತಿ. ಅಂಥ ಗೋಡೆ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿಯುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಜೊತೆಗೆ 1960ರ ದಶಕದಲ್ಲಿ ಶ್ರೀಲಂಕಾ ಆಮದಿಗೆ ಕಡಿವಾಣ ಹಾಕಿತ್ತು. ಕಬ್ಬಿಣ, ಗಾಜು ಸುಲಭಕ್ಕೆ ಸಿಗುತ್ತಿರಲಿಲ್ಲ. ಕಲ್ಲು, ಮರ, ಹಂಚು ಕೈಗೆ ಬಂದವು. ಹಳೆಯದರ ಮೇಲಿನ ಮೋಹಕ್ಕಿಂತ ಈ ಇಕ್ಕಟ್ಟೇ ಹೆಚ್ಚು ಕೆಲಸ ಮಾಡಿತು ಅನ್ನುವುದು ನನ್ನ ಲೆಕ್ಕ.

ಹಂಚಿನಲ್ಲೇ ಅವರ ಜಾಣತನ ನೋಡಬೇಕು. ಅಲ್ಲಿಯ ಹಳೆ ಮನೆಗಳಿಗೆ ನಮ್ಮ ನಾಡಹಂಚಿನಂಥದೇ ಅರ್ಧ ಕೊಳವೆಯ ಹಂಚು. ಬೆಕ್ಕು ಓಡಿದರೆ ಸರಿಯುತ್ತದೆ, ತೆಂಗಿನಕಾಯಿ ಬಿದ್ದರೆ ಒಡೆಯುತ್ತದೆ, ವರ್ಷವರ್ಷ ಕೈಯಾಡಿಸಬೇಕು. ಬಾವಾ ಕೆಳಗೆ ಅಲೆಅಲೆಯ ಸಿಮೆಂಟ್ ಶೀಟು ಹಾಸಿ, ಅದರ ಮೇಲೆ ಹಂಚು ಕೂರಿಸಿದರು. ಹಂಚು ಬಿಸಿಲನ್ನೂ ಮಳೆಯ ಸದ್ದನ್ನೂ ತಡೆಯುತ್ತದೆ. ನುಸುಳಿದ ನೀರು ಶೀಟಿನ ಮೇಲೆ ಜಾರಿ ಹೋಗುತ್ತದೆ. ಒತ್ತೊತ್ತಾಗಿ ರೀಪು ಹೊಡೆಯಬೇಕಿಲ್ಲ, ಮರ ಉಳಿಯುತ್ತದೆ. ಆಗ ಬಳಸಿದ್ದು ಕಲ್ನಾರಿನ (ಆಸ್ಬೆಸ್ಟಾಸ್) ಶೀಟು. ಅದರ ಅಪಾಯ ಈಗ ಗೊತ್ತಿರುವುದರಿಂದ ನಾವು ಕಲ್ನಾರು ಇಲ್ಲದ್ದನ್ನೇ ಹಾಕಬೇಕು.

ನನ್ನ ಮೊದಲ ಅಂಗಳದ ಮನೆಯಲ್ಲಿ ನಾನು ಫೋಟೊ ನೋಡಿ ಅಂಗಳ ಮಾತ್ರ ಕದ್ದೆ. ಸೂರು ಒಂದೂವರೆ ಅಡಿ ಚಾಚಿದ್ದೆ, ಅಷ್ಟೇ. ಸೂರಿನ ನೀರು ಹಿಡಿಯುವ ದಂಬೆಯೂ ಸಣ್ಣದು. ಜುಲೈಯ ಗಾಳಿಮಳೆಗೆ ನೀರು ಸೀದಾ ಸೋಫಾ ತನಕ ಬಂತು. ಮರುವರ್ಷ ಮನೆಯವರು ಅಂಗಳದ ಮೇಲೆ ಪ್ಲಾಸ್ಟಿಕ್ ಶೀಟು ಮುಚ್ಚಿದರು. ಈಗಲೂ ಆ ದಾರಿಯಲ್ಲಿ ಹೋದರೆ ತಲೆ ತಗ್ಗಿಸುತ್ತೇನೆ.

ಹಾಗಂತ ಹಂಚೇ ಬಾವಾ ಅಲ್ಲ. ಕೊಲಂಬೊ ಪಕ್ಕದ ಕೋಟ್ಟೆಯಲ್ಲಿ 1982ರಲ್ಲಿ ಮುಗಿದ ಅವರ ಸಂಸತ್ ಭವನಕ್ಕೆ ತಾಮ್ರದ ಮಾಡು. ಬೆಟ್ಟಕ್ಕೆ ಅಂಟಿಕೊಂಡ ಕಂಡಲಮ ಹೋಟೆಲಿಗೆ ಇಳಿಜಾರೇ ಇಲ್ಲ, ಮೇಲೆಲ್ಲ ಗಿಡ. ಜಾಗ ಬೇರೆ, ಮಾಡೂ ಬೇರೆ. ಇನ್ನು "ಸ್ಟೈಲ್" ಎಲ್ಲಿಂದ ಬಂತು?

ಆ ಫೋಟೊಗಳ ಮೂಲ ಹುಡುಕಿದರೆ 1960ರ ದಶಕದ ಶುರುವಿನಲ್ಲಿ ಕೊಲಂಬೊದಲ್ಲಿ ಬಾವಾ ಕಟ್ಟಿದ, ಕಲಾವಿದೆ ಎನಾ ಡಿ ಸಿಲ್ವಾ ಅವರ ಮನೆ ಸಿಗುತ್ತದೆ. ನಡುವೆ ದೊಡ್ಡ ಅಂಗಳ, ಸುತ್ತ ಅಗಲದ ಜಗಲಿ, ಕೆಳಗಿಳಿದ ಸೂರು. ಬಾವಾ 2003ರಲ್ಲಿ ತೀರಿಕೊಂಡರು. ಕೆಲವು ವರ್ಷಗಳ ನಂತರ ಆ ಜಾಗ ಮಾರಾಟವಾಯಿತು. ಬಾವಾ ಟ್ರಸ್ಟಿನವರು ಮನೆಯನ್ನು ಜೋಪಾನವಾಗಿ ಬಿಚ್ಚಿ, ಲುನುಗಂಗಕ್ಕೆ ಸಾಗಿಸಿ, ಮತ್ತೆ ಜೋಡಿಸಿದರು. ನಮ್ಮ ಕಡೆ ತೊಟ್ಟಿಮನೆ ಬಿಚ್ಚಿದರೆ ಕಂಬಗಳು ರೆಸಾರ್ಟಿಗೆ ಹೋಗುತ್ತವೆ, ಹಂಚು ಕೊಟ್ಟಿಗೆಗೆ.