ಎರಡು ದಾರಿ ಇದ್ದರೂ ಸೆನ್ಸರ್ ಜಾಲ ಯಾಕೆ ಕಡಿದುಹೋಗುತ್ತದೆ?

ವೈರ್‌ಲೆಸ್ ಸೆನ್ಸರ್ ಜಾಲ ಓದುವಾಗ ನನ್ನನ್ನು ಬಹಳ ದಿನ ದಾರಿ ತಪ್ಪಿಸಿದ ಪದ ‘ದ್ವಿ-ಸಂಪರ್ಕ’. ಯಾವುದೇ ಒಂದು ನೋಡ್ (ರೇಡಿಯೋ ಇರುವ ಪುಟ್ಟ ಸೆನ್ಸರ್ ಸಾಧನ) ಸತ್ತರೂ ಉಳಿದವುಗಳ ನಡುವೆ ದಾರಿ ಇರುತ್ತದೆ ಎಂದಷ್ಟೇ ಅದರ ಅರ್ಥ. ಬ್ಯಾಟರಿ ಮುಗಿದು ಅಲ್ಲೊಂದು ಇಲ್ಲೊಂದು ನೋಡ್ ಹೋದರೆ ಅಷ್ಟು ಸಾಕು. ಮರ ಬಿದ್ದರೆ, ಮಣ್ಣು ಕುಸಿದರೆ ಹಾಗಲ್ಲ. ಅಕ್ಕಪಕ್ಕದವು ಒಟ್ಟಿಗೇ ಹೋಗುತ್ತವೆ.

ಲೆಕ್ಕ ಹಾಕಿ ನೋಡಿ. 5×5 ಚೌಕದಲ್ಲಿ 20 ಮೀಟರಿಗೊಂದು ನೋಡ್, ರೇಡಿಯೋ ವ್ಯಾಪ್ತಿ 25 ಮೀಟರ್. ಕರ್ಣದಲ್ಲಿರುವ ನೋಡ್ 28.3 ಮೀಟರ್ ದೂರ, ಅದಕ್ಕೆ ಕೇಳಿಸದು. ಮೂಲೆಯ (0,0) ನೋಡ್ ಸಿಂಕ್, ಅಂದರೆ ಎಲ್ಲ ನೋಡ್‌ಗಳ ಮಾಹಿತಿ ಬಂದು ಸೇರುವ ನೋಡ್. ಪುಸ್ತಕದ ಪ್ರಕಾರ ಇದು ದ್ವಿ-ಸಂಪರ್ಕ ಜಾಲವೇ. ಈಗ (14,14) ಕೇಂದ್ರವಾಗಿ 16 ಮೀಟರ್ ತ್ರಿಜ್ಯದೊಳಗೆ ಎಲ್ಲ ಹಾಳಾಯಿತೆನ್ನಿ. ಸಿಂಕ್‌ಗೆ ಇರುವುದೇ ಎರಡು ನೆರೆ, (20,0) ಮತ್ತು (0,20). ಎರಡೂ ಕೇಂದ್ರದಿಂದ 15.2 ಮೀಟರ್, ಹೋದವು. ಜೊತೆಗೆ (20,20) ಕೂಡ. ಸಿಂಕ್ 19.8 ಮೀಟರ್ ದೂರದಲ್ಲಿದ್ದು ಬದುಕಿತು. ಸತ್ತದ್ದು 3 ನೋಡ್, ಮೂಕವಾದದ್ದು 21!

ಸಿಂಕನ್ನು ನಟ್ಟನಡುವೆ ಇಟ್ಟರೆ? ನಾಲ್ಕೂ ನೆರೆಗಳನ್ನು ನುಂಗುವ ವೃತ್ತ ನಡುವಿನ ಸಿಂಕನ್ನು ಬಿಟ್ಟು ಹೋಗಲಾರದು (ಕಾಗದದ ಮೇಲೆ ಒಮ್ಮೆ ಬರೆದು ನೋಡಿ, ಮಜಾ ಇದೆ). ಅಂದರೆ 16 ಮೀಟರಿನ ಹೊಡೆತಕ್ಕೆ ಎಲ್ಲ ದಾರಿಯೂ ಮುಚ್ಚದು, ಆದರೆ ಪೆಟ್ಟು ಸಿಂಕ್‌ಗೇ ಬಿದ್ದರೆ ಕಥೆ ಮುಗಿಯಿತು. ಹಾಗಾಗಿ ನನ್ನ ಆಯ್ಕೆ ಎದುರುಬದುರು ಮೂಲೆಗಳಲ್ಲಿ ಎರಡು ಸಿಂಕ್. ನಡುವೆ 113 ಮೀಟರ್ ಅಂತರ. ಮೇಲಿನ ಅದೇ ಹಾನಿಯಲ್ಲಿ ಆ 21ರಲ್ಲಿ ಒಂದು ಈಗ ಎರಡನೇ ಸಿಂಕ್, ಉಳಿದ 20 ನೋಡ್‌ಗಳೂ ಅದನ್ನು ತಲುಪುತ್ತವೆ. ಇಲ್ಲಿ ಎಣಿಸಬೇಕಾದ್ದು ದಾರಿಗಳ ಸಂಖ್ಯೆಯನ್ನಲ್ಲ, ಅವುಗಳ ನಡುವಿನ ಅಂತರವನ್ನು.

ರೂಟಿಂಗ್‌ನಲ್ಲೂ (ಮಾಹಿತಿ ಸಾಗುವ ದಾರಿ ಆರಿಸುವುದರಲ್ಲೂ) ಇದೇ ತೊಡಕು. ಇಂಥ ಜಾಲಗಳ ರೂಟಿಂಗ್‌ಗೆಂದು 2012ರಲ್ಲಿ ಬಂದ ಆರ್‌ಪಿಎಲ್ ಪ್ರೋಟೋಕಾಲ್‌ನಲ್ಲಿ ನೋಡ್ ಒಂದಕ್ಕಿಂತ ಹೆಚ್ಚು ಪೇರೆಂಟ್‌ಗಳನ್ನು (ಸಿಂಕಿನ ಕಡೆಗೆ ಮಾಹಿತಿ ದಾಟಿಸುವ ಮುಂದಿನ ನೋಡ್‌ಗಳನ್ನು) ಇಟ್ಟುಕೊಳ್ಳಬಹುದು. ಆದರೆ ಲಿಂಕ್ ಗುಣಮಟ್ಟ ಮಾತ್ರ ನೋಡಿ ಆರಿಸಿದರೆ ಬದಲಿ ಪೇರೆಂಟ್ ಮೊದಲನೆಯದರ ಮಗ್ಗುಲಲ್ಲೇ ಇದ್ದೀತು.

ಕವಚದ ಬಗ್ಗೆ ಒಂದು ಮಾತು. ಕವಚದ ಮೇಲಿನ ಐಪಿ67 ಎಂಬ ದೂಳು-ನೀರು ರಕ್ಷಣೆಯ ದರ್ಜೆ ಎಂದರೆ 1 ಮೀಟರ್ ನೀರಲ್ಲಿ 30 ನಿಮಿಷ ತಾಳುತ್ತದೆ. ವರ್ಷಗಟ್ಟಲೆ ಮಳೆಗೆ ಅದು ಭರವಸೆಯಲ್ಲ. ಅದಕ್ಕಿಂತ ಕಾಟ ಕೊಡುವುದು ಅರೆಜೀವದ ನೋಡ್: ನೀರು ಹೊಕ್ಕರೂ ಸುಳ್ಳು ಅಂಕಿ ಕಳಿಸುತ್ತಲೇ ಇರುತ್ತದೆ. 2002ರಲ್ಲಿ ಅಮೆರಿಕದ ಮೇನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ ಕಡಲಹಕ್ಕಿಗಳ ಗೂಡಿನ ಬಳಿ ಇಟ್ಟ ಜಾಲದಲ್ಲಿ ಹೀಗೇ ಆಯಿತು. ತೇವಾಂಶದ ಅಂಕಿ ಅಸಾಧ್ಯ ಮಟ್ಟಕ್ಕೆ ಹೋದ ನೋಡ್‌ಗಳು ಬೇಗನೆ ಸಾಯುತ್ತಿದ್ದವು. ತೇವಾಂಶ ಶೇಕಡಾ 100 ದಾಟಿತೆಂದರೆ ಹವಾಮಾನದ ಪಟ್ಟಿಗೆ ಸೇರಿಸಬೇಡಿ, ದುರಸ್ತಿ ಪಟ್ಟಿಗೆ ಸೇರಿಸಿ.