ವಲಸಿಗ ಮೇಷ್ಟ್ರು ತಂದ ಇಂಗ್ಲಿಷ್ ಮಸೂದೆ

2025ರ ಮಾರ್ಚ್ 1ರಂದು ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿ ಇಂಗ್ಲಿಷನ್ನು ಅಮೆರಿಕದ ಅಧಿಕೃತ ಭಾಷೆ ಎಂದು ಘೋಷಿಸಿದರು. ಅಲ್ಲಿಯವರೆಗೆ ಇಡೀ ದೇಶಕ್ಕೆ ಅಂಥದ್ದೊಂದು ಭಾಷೆ ಇರಲೇ ಇಲ್ಲ. ಇದನ್ನು ಸಂವಿಧಾನಕ್ಕೇ ಸೇರಿಸಬೇಕೆಂದು 1981ರಲ್ಲೇ ತಿದ್ದುಪಡಿ ಮಂಡಿಸಿದವರು ಎಸ್. ಐ. ಹಯಕಾವ. ಕ್ಯಾಲಿಫೋರ್ನಿಯಾದ ಸೆನೆಟರ್, ವೃತ್ತಿಯಲ್ಲಿ ಇಂಗ್ಲಿಷ್ ಮೇಷ್ಟ್ರು. ಮಜಾ ಅಂದರೆ ಅವರೇ ವಲಸೆ ಬಂದವರು.

ಹಯಕಾವ 1906ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಹುಟ್ಟಿದರು. ಅಪ್ಪ ಅಮ್ಮ ಜಪಾನಿನವರು. ಓದಲು ಅಮೆರಿಕಕ್ಕೆ ಬಂದು ಪಿಎಚ್‌ಡಿ ಮಾಡಿ ಅಲ್ಲೇ ಪಾಠ ಹೇಳಿದರು. ಆದರೆ ವಲಸೆ ಬಂದ ಜಪಾನಿ ಮೂಲದವರು ಅಲ್ಲಿನ ಪೌರರಾಗಲು ಕಾನೂನು ಬಿಡುತ್ತಿರಲಿಲ್ಲ. 1952ರಲ್ಲಿ ಕಾನೂನು ಬದಲಾದ ಮೇಲೆ, ಐವತ್ತರ ಹತ್ತಿರ ಬಂದಾಗ ಪೌರತ್ವ ಸಿಕ್ಕಿತು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಷ್ಕರ ನಡೆಯುತ್ತಿತ್ತು. ಹಂಗಾಮಿ ಅಧ್ಯಕ್ಷರಾಗಿದ್ದ ಅವರು ಮುಷ್ಕರದವರ ಲಾರಿ ಹತ್ತಿ ಧ್ವನಿವರ್ಧಕದ ವೈರು ಕಿತ್ತುಹಾಕಿದರು. ಟಿವಿಯಲ್ಲಿ ಅದನ್ನು ಕಂಡ ಜನ ಅವರನ್ನು ಮರೆಯಲಿಲ್ಲ. 1976ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಸೆನೆಟ್‌ಗೆ ಗೆದ್ದರು.

ಅಷ್ಟರಲ್ಲಿ ಶಾಲೆಯ ಭಾಷೆ ಅಲ್ಲಿ ದೊಡ್ಡ ಜಗಳವಾಗಿತ್ತು. ಇಂಗ್ಲಿಷ್ ಬಾರದ ಮಕ್ಕಳಿಗೆ ಅವರ ಭಾಷೆಯಲ್ಲೂ ಕಲಿಸಲು ನೆರವು ಕೊಡುವ, ಟೆಕ್ಸಾಸಿನ ಸೆನೆಟರ್ ರಾಲ್ಫ್ ಯಾರ್ಬರೋ ತಂದ ದ್ವಿಭಾಷಾ ಶಿಕ್ಷಣ ಕಾಯ್ದೆಗೆ 1968ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದರು. ಜಾನ್ಸನ್ ಕೂಡ ಹಳೇ ಮೇಷ್ಟ್ರೇ. 1928ರಲ್ಲಿ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಪಾಠ ಮಾಡಿದ್ದರು. 1974ರಲ್ಲಿ ಸುಪ್ರೀಂ ಕೋರ್ಟಿನ ‘ಲಾವ್’ ತೀರ್ಪು ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಸುಮಾರು 1,800 ಚೀನೀ ಮೂಲದ ಮಕ್ಕಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕಲಿಸಲು ಬೇರೆ ಏರ್ಪಾಡೂ ಇರಲಿಲ್ಲ. ಎಲ್ಲರಿಗೂ ಅದೇ ಪುಸ್ತಕ, ಅದೇ ಟೀಚರ್ ಕೊಟ್ಟುಬಿಟ್ಟರೆ ಸಮಾನತೆ ಆಗಲ್ಲ ಎಂದಿತು ಕೋರ್ಟು.

ಹಯಕಾವ ಹೇಳುತ್ತಿದ್ದುದು ಇಷ್ಟು: ಮನೆಮಾತು ಮನೆಯಲ್ಲಿರಲಿ, ಸರ್ಕಾರದ್ದು ಒಂದೇ ಭಾಷೆ ಇರಲಿ. ಅವರ ತಿದ್ದುಪಡಿಯನ್ನು ಓದಿದರೆ ಅದು ನಾವು ಅಂದುಕೊಂಡಷ್ಟು ಒರಟಾಗಿಲ್ಲ. ಇಂಗ್ಲಿಷ್ ಬರುವವರೆಗೆ ಮಕ್ಕಳಿಗೆ ಅವರ ಭಾಷೆಯಲ್ಲಿ ಕಲಿಸಲು ಅದರಲ್ಲಿ ಜಾಗವಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ವಾರಾಂತ್ಯಕ್ಕೆ ಮಕ್ಕಳಿಗೆ ಕನ್ನಡ ಕಲಿಸುವವರು ಮಾಡುತ್ತಿರುವುದೂ ಹೆಚ್ಚುಕಮ್ಮಿ ಮನೆಮಾತನ್ನು ಹೀಗೆ ಮನೆಮಟ್ಟಿಗೆ ಉಳಿಸಿಕೊಳ್ಳುವುದನ್ನೇ ಅಲ್ವಾ? ಆದರೂ ಒಂದು ಮಾತು ಹೇಳಲೇಬೇಕು. ಹಯಕಾವ ಬೆಳೆದದ್ದೇ ಇಂಗ್ಲಿಷ್ ಆಡುವ ಕೆನಡಾದಲ್ಲಿ. ಪಾಠದ ಒಂದು ಪದವೂ ತಿಳಿಯದೆ ಬೆಂಚಿನ ಮೇಲೆ ಕೂತ ಮಗುವಿನ ಪಾಡು ಅವರದಾಗಿರಲಿಲ್ಲ. ಆ ಮಗುವಿನ ಲೆಕ್ಕ ಅವರ ವಾದದಲ್ಲಿ ತೆಳುವಾಗಿದೆ.

ತಿದ್ದುಪಡಿ ಪಾಸಾಗಲಿಲ್ಲ. 1983ರಲ್ಲಿ ಸೆನೆಟ್ ಬಿಟ್ಟ ಅವರು ಜಾನ್ ಟ್ಯಾಂಟನ್ ಜೊತೆ ‘ಯು.ಎಸ್. ಇಂಗ್ಲಿಷ್’ ಸಂಘಟನೆ ಕಟ್ಟಿದರು. ಟ್ಯಾಂಟನ್ ವಲಸೆಯನ್ನೇ ಕಡಿಮೆ ಮಾಡಬೇಕೆಂದು ಹೋರಾಡುತ್ತಿದ್ದವರು. ಭಾಷೆಯ ವಾದಕ್ಕೆ ವಲಸೆ ವಿರೋಧದ ಬಣ್ಣ ಜಾಸ್ತಿ ಹತ್ತಿದ್ದು ಹೀಗೆ. 1986ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಇಂಗ್ಲಿಷನ್ನು ರಾಜ್ಯದ ಅಧಿಕೃತ ಭಾಷೆ ಮಾಡಿದರು. 1998ರಲ್ಲಿ ಶಾಲೆಗಳ ದ್ವಿಭಾಷಾ ಪಾಠಕ್ಕೂ ಬಹುಮಟ್ಟಿಗೆ ಕಡಿವಾಣ ಬಿತ್ತು.

ಆ ಕಡಿವಾಣ ಬಿಚ್ಚಿಸಿದವರು ರಿಕಾರ್ಡೋ ಲಾರಾ. ಆಗ ಕ್ಯಾಲಿಫೋರ್ನಿಯಾ ರಾಜ್ಯದ ಸೆನೆಟರ್, ಮೆಕ್ಸಿಕೋದಿಂದ ವಲಸೆ ಬಂದವರ ಮಗ. ಅವರು 2014ರಲ್ಲಿ ತಂದ ಮಸೂದೆ 2016ರ ನವೆಂಬರಿನಲ್ಲಿ ಜನಮತಕ್ಕೆ ಹೋಯಿತು. ಶೇ 73ರಷ್ಟು ಮತ ಪರವಾಗಿ ಬಿತ್ತು. ಅದೇ ದಿನ ದೇಶ ಟ್ರಂಪ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತ್ತು.